ಜನಿವಾರಕ್ಕೆ ಕಟ್ಟಿದ ಪೆನ್‌ಡ್ರೈವ್

ಕಂಪ್ಯೂಟರ್ ರಿಪೇರಿಗೆ ಹೊಸದಾಗಿ ಇಳಿದ ಹುಡುಗರು ಸಿಕ್ಕಿದಾಗ ಕೇಳುವುದು ಒಂದೇ: "ಅಂಕಲ್, ಫೋನಲ್ಲಿ ವಿಡಿಯೋ ನೋಡ್ದೆ ನೀವೆಲ್ಲ ಹೆಂಗ್ ಕಲಿತ್ರಿ?" ಕಲಿತೆವು ಅಂತ ಇವರಿಗೆ ಯಾರು ಹೇಳಿದರೋ ಗೊತ್ತಿಲ್ಲ. ಯಂತ್ರ ಕೆಟ್ಟಾಗ ಅದರ ಮುಂದೆ ಕೂತೆವು, ಬೆವರಿದೆವು. ಎಷ್ಟೋ ಸಲ ಅದು ತಾನಾಗಿಯೇ ಸರಿಯಾಯಿತು, ನಾವು ಸರಿ ಮಾಡಿದೆವೆಂದು ಹೇಳಿಕೊಂಡು ಬಸ್ಸು ಹತ್ತಿದೆವು. ಆದರೆ ಮುಳಬಾಗಿಲಿನಲ್ಲಿ ಒಂದು ಸಲ ಒಬ್ಬ ಹಿರಿಯರೂ ಒಂದು ಹಳೇ ಲ್ಯಾಪ್‌ಟಾಪೂ ಒಂದೇ ದಾರಕ್ಕೆ ಸಿಕ್ಕಿಕೊಂಡು ಕೂತದ್ದನ್ನು ನೋಡಿದ್ದೇನೆ. ಅದನ್ನು ಬರೆದಿಡಬೇಕು ಅನ್ನಿಸಿದೆ. ಯಂತ್ರದ ವಿಷಯ ನಿಮಗೆ ಯಾರಾದರೂ ಕಲಿಸುತ್ತಾರೆ, ಯಂತ್ರ ಇಟ್ಟುಕೊಂಡವರ ವಿಷಯ ಯಾರೂ ಕಲಿಸುವುದಿಲ್ಲ.

ನನ್ನ ಹೆಸರು ಮುನಿರಾಜು. ಊರು ಕ್ಯಾಲನೂರಿನ ಪಕ್ಕ. ಮನೆಯಲ್ಲಿ ರಾಗಿ, ಹಿಪ್ಪುನೇರಳೆ, ಡೇರಿಗೆ ಹಾಲು ಹಾಕಲು ಎರಡು ಸೀಮೆಹಸು. ಕೋಲಾರದ ರಹಮತ್ ಸಾಹೇಬರ ಅಂಗಡಿಗೆ ಟೈಪ್‌ರೈಟರ್ ಮೆಕ್ಯಾನಿಕ್ಕಾಗಿ ಸೇರಿದೆ, ಅದೇ ಅಂಗಡಿಯಲ್ಲಿ ಕಂಪ್ಯೂಟರ್ ಮೆಕ್ಯಾನಿಕ್ಕಾದೆ, ಸ್ಕ್ರೂ ತಲೆ ಕಣ್ಣಿಗೆ ಕಾಣದಂತಾದ ಮೇಲೆ ಬಿಟ್ಟೆ. ಬಡ್ತಿಯ ವಿಷಯ ಬರೆಯಲು ಏನೂ ಇಲ್ಲ. ಇಬ್ಬರೇ ಇದ್ದ ಅಂಗಡಿ ಅದು. ಸಾಹೇಬರು ಸಾಹೇಬರಾಗಿಯೇ ಉಳಿದರು, ನಾನು ಮುನಿರಾಜುವಾಗಿಯೇ ಉಳಿದೆ.

ತೊಂಬತ್ತರ ದಶಕದಲ್ಲಿ ಕೆಲಸ ಸುಲಭ ಇತ್ತು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕೋರ್ಟುಗಳ ಮುಂದೆ ಮರದ ಕೆಳಗೆ ಟೈಪಿಸ್ಟರು ಕೂರುತ್ತಿದ್ದರು. ಎಣ್ಣೆ, ಬ್ರಷ್ಷು, ರಿಬ್ಬನ್ನು ತುಂಬಿದ ಚೀಲ ಹಿಡಿದು ಬಸ್ಸಿಳಿದರೆ ಸಾಕು, ಯಾವ ಮಿಷನ್ನಿಗೆ ಏನಾಗಿದೆ ಅನ್ನುವುದು ಸದ್ದಿನಲ್ಲೇ ತಿಳಿಯುತ್ತಿತ್ತು. ಆಮೇಲೆ ಕಂಪ್ಯೂಟರ್ ಬಂತು. ಅದು ಕೆಟ್ಟರೂ ಸದ್ದಿಲ್ಲ, ಸರಿಯಿದ್ದರೂ ಸದ್ದಿಲ್ಲ. ಸಾಹೇಬರು ಬೆಂಗಳೂರಿಗೆ ಹೋಗಿ ಯಾವುದೋ ತರಬೇತಿ ಮುಗಿಸಿ ಬಂದು, ನನ್ನನ್ನು ಎದುರಿಗೆ ಕೂರಿಸಿಕೊಂಡು ಎರಡು ವಿಷಯ ಹೇಳಿಕೊಟ್ಟರು. ಒಂದು, ಆಫ್ ಮಾಡಿ ಆನ್ ಮಾಡು. ಇನ್ನೊಂದು ತರಬೇತಿಯಲ್ಲಿ ಹೇಳಿದ್ದಲ್ಲ, ಅವರದೇ: "ನೋಡು ಮುನಿರಾಜು, ಹೋದ ತಕ್ಷಣ ಮಿಷನ್ ಬಿಚ್ಬೇಡ. ಮೊದ್ಲು ಅವರ ಮನೆ ಚಾಯ್ ಕುಡಿ. ಲೋಟ ಖಾಲಿ ಆಗೋದ್ರೊಳಗೆ ಅರ್ಧ ಖರಾಬಿ ಅವರ ಬಾಯಿಂದಾನೇ ಬಂದ್ಬಿಡ್ತದೆ."

ನಾನು ಮೊದಮೊದಲು ಇದನ್ನು ಚಹಾ ಚಪಲ ಅಂದುಕೊಂಡಿದ್ದೆ. ಯಲ್ದೂರಿನಲ್ಲಿ ಒಬ್ಬ ಮಾವಿನ ವ್ಯಾಪಾರಿಯ ಕಂಪ್ಯೂಟರು ದಿನಾ ಮಧ್ಯಾಹ್ನ ತಾನಾಗಿಯೇ ಆರಿಹೋಗುತ್ತಿತ್ತು. ಹೋದೆ, ಫ್ಯಾನು ಬದಲಾಯಿಸಿ ಬಂದೆ. ಮತ್ತೆ ಆರಿತು. ಮತ್ತೆ ಹೋದೆ, ಒಳಗಿನ ಪವರ್ ಡಬ್ಬ ಬದಲಾಯಿಸಿ ಬಂದೆ. ಮತ್ತೂ ಆರಿತು. ಕೊನೆಗೆ ಸಾಹೇಬರ ಮಾತಿನಂತೆ ಸುಮ್ಮನೆ ಕೂತು ಚಹಾ ಕುಡಿಯುತ್ತಿರುವಾಗ ವ್ಯಾಪಾರಿಯ ತಾಯಿ ಮೊರದಲ್ಲಿ ದೋರುಗಾಯಿ ತಂದು, ಕಂಪ್ಯೂಟರಿನ ಡಬ್ಬದ ಹಿಂದೆ ಒಣಹುಲ್ಲು ಒತ್ತಿ, ಒಂದೊಂದಾಗಿ ಜೋಡಿಸತೊಡಗಿದರು. "ಇಲ್ಲಿ ಬಿಸಿಗಾಳಿ ಬರ್ತದೆ ಕಣಪ್ಪ, ಎರಡೇ ದಿನಕ್ಕೆ ಹಣ್ಣಾಗ್ತದೆ" ಅಂದರು. ನಾನು ಹೊಸದಾಗಿ ಹಾಕಿದ ಫ್ಯಾನಿನಿಂದ ಇನ್ನೂ ಬೇಗ ಹಣ್ಣಾಗುತ್ತಿದೆಯಂತೆ. ಅವತ್ತಿನಿಂದ ನಾನು ಯಾರ ಮನೆಯಲ್ಲೂ ಚಹಾ ಬೇಡ ಅಂದಿಲ್ಲ.

ಈಗ ಮುಳಬಾಗಿಲಿಗೆ ಬರುತ್ತೇನೆ. ಅಲ್ಲಿ ನರಸಿಂಹ ಜೋಯಿಸರು ಅಂತ ಇದ್ದರು. ತಲೆಮಾರುಗಳಿಂದ ಅದೇ ಬೀದಿಯಲ್ಲಿದ್ದ ಮನೆತನ. ಪೌರೋಹಿತ್ಯವಿತ್ತು, ಜಾತಕ ಬರೆಯುವುದಿತ್ತು, ಆದರೆ ಅವರ ಪ್ರಾಣ ಇದ್ದದ್ದು ಪಂಚಾಂಗದಲ್ಲಿ. ಅವರ ತಾತ ಶುರು ಮಾಡಿದ ಸಣ್ಣ ಪಂಚಾಂಗ, ಹಳದಿ ರಟ್ಟಿನದು. ಲೆಕ್ಕ ಎಲ್ಲ ಜೋಯಿಸರದೇ, ಅಚ್ಚು ಕೋಲಾರದ ಒಂದು ಪ್ರೆಸ್ಸಿನಲ್ಲಿ. ನಮ್ಮ ಕಡೆ ಬೋರ್‌ವೆಲ್ ಕೊರೆಸುವವರು, ಟ್ರ್ಯಾಕ್ಟರ್ ತರುವವರು, ಹೆಣ್ಣು ನೋಡಲು ಹೊರಡುವವರು ಅದನ್ನು ತೆರೆದು ರಾಹುಕಾಲ ನೋಡಿಕೊಳ್ಳದೆ ಹೊಸಿಲು ದಾಟುತ್ತಿರಲಿಲ್ಲ. ಕಣ್ಣಿಗೆ ಪೊರೆ ಬಂದು ಸಣ್ಣ ಅಕ್ಷರ ಬರೆಯಲು ಕಷ್ಟವಾದ ಮೇಲೆ ಜೋಯಿಸರು ಲ್ಯಾಪ್‌ಟಾಪಿಗೆ ಬಂದರು. ಅದು ಕೊಂಡದ್ದಲ್ಲ. ಟೇಕಲ್ ಕಡೆಯ ಕಲ್ಲುಕ್ವಾರಿ ಸಾಹುಕಾರರೊಬ್ಬರು ಗೃಹಪ್ರವೇಶ ಮಾಡಿಸಿದ್ದಕ್ಕೆ ಹರಿವಾಣದಲ್ಲಿ ವೀಳ್ಯ, ತೆಂಗಿನಕಾಯಿ, ಪಂಚೆ ಶಲ್ಯದ ಜೊತೆ ತಾವು ಬಳಸಿ ಬಿಟ್ಟಿದ್ದ ಲ್ಯಾಪ್‌ಟಾಪನ್ನೂ ಒಂದು ಪುಟ್ಟ ಪೆನ್‌ಡ್ರೈವನ್ನೂ ಇಟ್ಟು ದಕ್ಷಿಣೆ ಕೊಟ್ಟಿದ್ದರು. ಅಕ್ಷರ ದೊಡ್ಡದು ಮಾಡಿಕೊಂಡು, ಒಂದೇ ಬೆರಳಿನಲ್ಲಿ, ಜೋಯಿಸರು ವರ್ಷದ ಪಂಚಾಂಗ ಅದರಲ್ಲಿ ಕುಟ್ಟುತ್ತಿದ್ದರು.

ಎರಡು ಸಾವಿರದ ಒಂಬತ್ತನೇ ಇಸವಿ. ಬರಲಿದ್ದ ಸಂವತ್ಸರದ ಹೆಸರು ವಿರೋಧಿ. ಹೆಸರಿಗೆ ತಕ್ಕಂತೆ ಯುಗಾದಿಗೆ ಮೊದಲೇ ಕೆಲಸ ಶುರು ಮಾಡಿತ್ತು. ಒಂದು ಬೆಳಿಗ್ಗೆ ಅಂಗಡಿಗೆ ಜೋಯಿಸರ ಫೋನು ಬಂತು.

"ಮುನಿರಾಜು, ಲ್ಯಾಪ್‌ಟಾಪು ಏಳ್ತಾ ಇಲ್ಲಯ್ಯ. ವಿರೋಧಿ ಪೂರ್ತಿ ಅದರೊಳಗೇ ಇದೆ."

"ಬೇರೆ ಕಾಪಿ ಇಲ್ವಾ ಸ್ವಾಮಿ? ಕೈಯಲ್ಲಿ ಬರೆದಿದ್ದು?"

ಅವರು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅವರ ಹೆಂಡತಿ ಪದ್ಮಮ್ಮನವರ ದನಿ ಕೇಳಿಸಿತು. "ಟೈಪಾಯ್ತು ಅಂದ್ರಿ, ಹಂಡೆ ಒಲೆಗೆ ಹಾಕ್ದೆ. ಪ್ರತೀ ವರ್ಷಾನೂ ಹಾಕೋದೇ ಅಲ್ವೇ?"

ಪ್ರೆಸ್ಸಿನವರು ಖಡಾಖಂಡಿತವಾಗಿ ಹೇಳಿದ್ದರಂತೆ: ಶನಿವಾರ ಸಂಜೆಯೊಳಗೆ ಮ್ಯಾಟರು ಕೈಗೆ ಬರದಿದ್ದರೆ ಈ ವರ್ಷ ಜೋಯಿಸರ ಪಂಚಾಂಗ ಇಲ್ಲ, ಬೇರೆ ಊರಿನವರದು ಕಾಯುತ್ತಿದೆ. ಒಂದು ಯುಗಾದಿಗೆ ಬೇರೆ ಪಂಚಾಂಗ ಕೊಂಡ ಮನೆಯವರು ಮತ್ತೆ ಹಳದಿ ರಟ್ಟಿಗೆ ವಾಪಸು ಬರುವುದಿಲ್ಲ ಅನ್ನುವುದು ಜೋಯಿಸರಿಗೂ ಗೊತ್ತಿತ್ತು, ಪ್ರೆಸ್ಸಿನವರಿಗೂ ಗೊತ್ತಿತ್ತು. "ನಮ್ಮ ತಾತನ ಕಾಲದಿಂದ ಒಂದು ವರ್ಷ ತಪ್ಪಿಲ್ಲಯ್ಯ. ನನ್ನ ಕೈಲಿ ನಿಂತೋಗ್ಬಾರ್ದು" ಅಂದರು. ಅವತ್ತು ಶುಕ್ರವಾರ. ಮುಂದಿನ ಬಸ್ಸಿಗೇ ಹೊರಟೆ.

ಲ್ಯಾಪ್‌ಟಾಪು ದೇವರ ಮನೆಯಲ್ಲಿ ಮಣೆಯ ಮೇಲೆ ಕೂತಿತ್ತು. ಮೊದಲು ಕಾಫಿ ಕುಡಿದೆ. ಸಾಹೇಬರ ಶಾಸ್ತ್ರ ಸುಳ್ಳಾಗಲಿಲ್ಲ. ಆಯುಧಪೂಜೆಯಲ್ಲಿ ಅದಕ್ಕೆ ಸಾಂಗವಾಗಿ ಪೂಜೆಯಾಗಿದೆ ಎಂದು ಪದ್ಮಮ್ಮನವರು ಸಂಭ್ರಮದಿಂದ ಹೇಳಿದರು. ಎತ್ತಿ ಅಲ್ಲಾಡಿಸಿದರೆ ಸಿಡಿ ಹಾಕುವ ತಟ್ಟೆಯೊಳಗೆ ಅಕ್ಷತೆ ಗಲಗಲ ಅನ್ನುತ್ತಿತ್ತು. ಹಿಂಭಾಗದಲ್ಲಿ ಪೆನ್‌ಡ್ರೈವ್ ಸಿಕ್ಕಿಸುವ ಎರಡು ತೂತುಗಳಲ್ಲಿ ಒಂದರೊಳಗೆ ಗಂಧ ಕುಂಕುಮ ಕಲ್ಲಾಗಿ ಕೂತಿತ್ತು. ಇನ್ನೊಂದು ಉಳಿದುಕೊಂಡಿತ್ತು. ಅಷ್ಟು ಹೊತ್ತಿಗೆ ಗಂಧ ಮುಗಿದುಹೋಗಿತ್ತಂತೆ.

ಆನ್ ಮಾಡಲು ಕೈ ಚಾಚಿದೆ. ಜೋಯಿಸರು ತಡೆದರು. "ತಡಿ. ರಾಹುಕಾಲ."

"ಕರೆಂಟು ಈಗಷ್ಟೇ ಬಂದಿದೆ ಸ್ವಾಮಿ. ಬ್ಯಾಟ್ರಿ ಸತ್ತುಹೋಗಿದೆ, ಕರೆಂಟು ಹೋದ್ರೆ ಇದೂ ಹೋಗ್ತದೆ."

ಆ ದಿನಗಳಲ್ಲಿ ಕರೆಂಟು ಪಾಳಿಯ ಮೇಲೆ ಬರುತ್ತಿತ್ತು. ಆ ವಾರದ ಪಾಳಿ ಬರೆದ ಪುಣ್ಯಾತ್ಮ ಜೋಯಿಸರ ಪಂಚಾಂಗವನ್ನೇ ಎದುರಿಗಿಟ್ಟುಕೊಂಡು ಬರೆದಿದ್ದನೋ ಏನೋ, ರಾಹುಕಾಲ ಹುಟ್ಟಿದಾಗ ಕರೆಂಟು ಬರುತ್ತಿತ್ತು, ರಾಹುಕಾಲ ಮುಗಿದಾಗ ಹೋಗುತ್ತಿತ್ತು. ಮತ್ತೆ ಬರುತ್ತಿದ್ದದ್ದು ಯಮಗಂಡಕಾಲದಲ್ಲಿ. ಜೋಯಿಸರು ಯೋಚಿಸಿ, "ನೋಡೋದಕ್ಕೆ ದೋಷ ಇಲ್ಲ. ನೋಡು. ಶುರು ಮಾತ್ರ ಮಾಡ್ಬೇಡ" ಎಂದು ಅಪ್ಪಣೆ ಕೊಟ್ಟರು.

ನೋಡಿದೆ. ಒಳಗಿನ ಹಾರ್ಡ್‌ಡಿಸ್ಕು ಹಲ್ಲಿ ಲೊಚಗುಟ್ಟಿದ ಹಾಗೆ ಸದ್ದು ಮಾಡುತ್ತಿತ್ತು. ವಿಂಡೋಸ್ ಅರ್ಧಕ್ಕೆ ಬಂದು ಕಪ್ಪಗಾಗುತ್ತಿತ್ತು. ಫೈಲುಗಳು ಬಹುಶಃ ಇನ್ನೂ ಬದುಕಿದ್ದವು, ಅಲ್ಲಿಗೆ ಹೋಗುವ ಬಾಗಿಲು ಮಾತ್ರ ಕೆಟ್ಟಿತ್ತು. ಇದನ್ನು ಬಸ್ಸಿನಲ್ಲಿ ಹಾಕಿಕೊಂಡು ಕೋಲಾರಕ್ಕೆ ಹೋದರೆ ಡಿಸ್ಕು ದಾರಿಯಲ್ಲೇ ಪ್ರಾಣ ಬಿಡುತ್ತದೆ ಅನ್ನಿಸಿತು. ಅಂಗಡಿಯಿಂದ ಯುಪಿಎಸ್ ಹೊತ್ತು ತರಬಹುದಿತ್ತು, ಆದರೆ ನಮ್ಮ ಯುಪಿಎಸ್ಸು ಕರೆಂಟು ಇದ್ದಾಗ ಮಾತ್ರ ಕೆಲಸ ಮಾಡುತ್ತಿತ್ತು. ಉಳಿದ ದಾರಿ ಒಂದೇ. ಪೆನ್‌ಡ್ರೈವಿನಲ್ಲಿ ಒಂದು ಪುಟ್ಟ ಸಿಸ್ಟಂ ಹಾಕಿ, ಲ್ಯಾಪ್‌ಟಾಪನ್ನು ಅದರಿಂದ ಎಬ್ಬಿಸಿ, ಫೈಲುಗಳನ್ನು ಎತ್ತಿಕೊಳ್ಳುವುದು.

ಇದು ಈಗ 'ಒಂದು ಬಟನ್ ಒತ್ತಿದ್ರಾಯ್ತು' ಅನ್ನುವಷ್ಟು ಸುಲಭ. ಆಗಿನ ಹಳೇ ಲ್ಯಾಪ್‌ಟಾಪುಗಳಿಗೆ ಪೆನ್‌ಡ್ರೈವ್ ಅಂದರೆ ಗುರುತೇ ಇಲ್ಲದ ನೆಂಟ. ಆನ್ ಆಗುವಾಗ ಎಫ್ ಟೂ ಒತ್ತಿ ನೀಲಿ ಪರದೆಗೆ ಹೋಗಿ, ಯಾವುದರಿಂದ ಏಳಬೇಕು ಅನ್ನುವ ಸಾಲನ್ನು ನೋಡಿದೆ. ಫ್ಲಾಪಿ ಇತ್ತು, ಹಾರ್ಡ್‌ಡಿಸ್ಕ್ ಇತ್ತು, ಸಿಡಿ ಇತ್ತು. ಪೆನ್‌ಡ್ರೈವಿನ ಹೆಸರೇ ಇರಲಿಲ್ಲ. ಅಂಗಡಿಯಿಂದ ತಂದಿದ್ದ ದೊಡ್ಡ ಪೆನ್‌ಡ್ರೈವ್ ಸಿಕ್ಕಿಸಿದೆ, ತೆಗೆದೆ, ತಿರುಗಿಸಿದೆ, ಊದಿದೆ. ಲ್ಯಾಪ್‌ಟಾಪು ಜಗ್ಗಲಿಲ್ಲ. ಸಾಹೇಬರಿಗೆ ಫೋನ್ ಮಾಡಿದೆ.

"ಸಬರ್ ಮಾಡು" ಅಂದರು ಸಾಹೇಬರು. "ಹಳೇ ಮಿಷನ್ ಅದು, ದೊಡ್ಡ ಪೆನ್‌ಡ್ರೈವು ಅದರ ಕಣ್ಣಿಗೆ ಕಾಣಲ್ಲ. ಚಿಕ್ಕದು ಹಾಕು. ಮೊದ್ಲು ಸಿಕ್ಕಿಸು, ಆಮೇಲೆ ಆನ್ ಮಾಡು. ಬೇರೆ ಹೆಸರಲ್ಲಿ ಬರಲ್ಲ ಅದು, ಹಾರ್ಡ್‌ಡಿಸ್ಕ್ ಅನ್ನೋ ಸಾಲಿನ ಒಳಗಡೆ ಬಚ್ಚಿಟ್ಕೊಂಡಿರ್ತದೆ. ಅದನ್ನ ಬಿಚ್ಚಿ ನೋಡು."

"ಚಿಕ್ಕದು ಈಗ ಯಾರು ಮಾರ್ತಾರೆ ಸಾಬ್? ನಮ್ಮಂಗಡೀಲೂ ಇಲ್ಲ" ಅಂದೆ.

ಪಕ್ಕದಲ್ಲಿ ಕೇಳಿಸಿಕೊಳ್ಳುತ್ತಿದ್ದ ಜೋಯಿಸರು ಮೆಲ್ಲಗೆ ಶಲ್ಯ ಸರಿಸಿದರು. ಜನಿವಾರದಲ್ಲಿ ಸೊಂಟದ ಹತ್ತಿರ ದೇವರ ಪೆಟ್ಟಿಗೆಯ ಬೀಗದಕೈ ಜೋತಾಡುತ್ತಿತ್ತು. ಅದರ ಪಕ್ಕದಲ್ಲಿ, ಸಾಹುಕಾರರು ದಕ್ಷಿಣೆ ಕೊಟ್ಟ ಪುಟ್ಟ ಪೆನ್‌ಡ್ರೈವು.

ಅದು ಕಳೆಯಬಾರದ ವಸ್ತು, ಕಳೆಯಬಾರದ ವಸ್ತುವಿಗೆ ಅದೇ ಜಾಗ. ಅವರ ತಂದೆಯವರೂ ಬೀಗದಕೈ ಅಲ್ಲೇ ಕಟ್ಟುತ್ತಿದ್ದರಂತೆ. ಸ್ನಾನಕ್ಕೆ ಹೋದಾಗ ಒದ್ದೆಯಾಗಬಾರದೆಂದು ಪೆನ್‌ಡ್ರೈವನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನೀರು ಹಾಕಿಕೊಳ್ಳುತ್ತಿದ್ದರಂತೆ. "ಅದಕ್ಕೇ ಇವರ ಸ್ನಾನದ ಮಂತ್ರ ಎಲ್ಲ ಮೂಗಲ್ಲೇ" ಅಂದರು ಪದ್ಮಮ್ಮ. ಪೆನ್‌ಡ್ರೈವ್ ಒಣಗಿತ್ತು, ಆದರೆ ಗಂಟು ದಿನಾ ನೆನೆದು ಒಣಗಿ ಹುಣಸೆಬೀಜದ ಹಾಗೆ ಬಿಗಿದುಹೋಗಿತ್ತು. ನಾನು ಬಿಚ್ಚಲು ನೋಡಿದೆ, ಪದ್ಮಮ್ಮ ಪಿನ್ನು ತಂದು ನೋಡಿದರು. ಜನಿವಾರ ಕತ್ತರಿಸುವ ಮಾತು ನಾನು ಎತ್ತುವ ಮೊದಲೇ ಜೋಯಿಸರು ಅದನ್ನು ಮುಷ್ಟಿಯಲ್ಲಿ ಬಿಗಿಹಿಡಿದರು.

"ಹಾಗೇ ಸಿಕ್ಕಿಸು" ಅಂದರು.

ಹಾಗೇ ಸಿಕ್ಕಿಸಿದೆವು. ತೂತು ಲ್ಯಾಪ್‌ಟಾಪಿನ ಹಿಂಭಾಗದಲ್ಲಿ ಇದ್ದದ್ದರಿಂದ ಅವರು ಅದರ ಬೆನ್ನಿಗೆ ಹೊಟ್ಟೆ ತಗಲಿಸಿಕೊಂಡು, ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಕೂರಬೇಕಾಯಿತು. ಪರದೆಯ ಈ ಕಡೆ ನಾನು, ಆ ಕಡೆ ಅವರು. ಆನ್ ಮಾಡಿ ನೀಲಿ ಪರದೆಗೆ ಹೋದೆ. ಸಾಹೇಬರು ಹೇಳಿದ ಹಾಗೇ ಹಾರ್ಡ್‌ಡಿಸ್ಕಿನ ಸಾಲಿನೊಳಗೆ ಎರಡನೇ ಹೆಸರಾಗಿ ಪೆನ್‌ಡ್ರೈವು ಅವಿತು ಕೂತಿತ್ತು. ಅದನ್ನು ಮೇಲಕ್ಕೆ ತಂದೆ. ಲ್ಯಾಪ್‌ಟಾಪು ಒಪ್ಪಿತು. ನಡುವೆ ಉದ್ದನೆಯ ವೈರು ಹಾಕಿ ಜೋಯಿಸರನ್ನು ಸ್ವಲ್ಪ ದೂರ ಕೂರಿಸೋಣವೆಂದು ನೋಡಿದರೆ, ವೈರು ಕಂಡ ಕೂಡಲೇ ಆ ಮುದಿ ಯಂತ್ರ ಪೆನ್‌ಡ್ರೈವಿನ ಗುರುತೇ ಇಲ್ಲ ಅಂದಿತು. ಅಷ್ಟರಲ್ಲಿ ರಾಹುಕಾಲ ಮುಗಿದು ಕರೆಂಟು ಹೋಯಿತು.

ಬರೀ ಪೆನ್‌ಡ್ರೈವಿನಿಂದ ಏನೂ ಏಳುವುದಿಲ್ಲ. ಅದರೊಳಗೆ ಸಿಸ್ಟಂ ತುಂಬಬೇಕು, ತುಂಬುವ ಕಂಪ್ಯೂಟರು ಇದ್ದದ್ದು ಕೋಲಾರದ ಅಂಗಡಿಯಲ್ಲಿ. ಪೆನ್‌ಡ್ರೈವ್ ಬರಬೇಕಾದರೆ ಜೋಯಿಸರೂ ಬರಬೇಕು. ಪದ್ಮಮ್ಮ ಮೊಸರನ್ನ ಕಟ್ಟಿಕೊಟ್ಟರು. ಬಸ್ಸಿನಲ್ಲಿ ಅವರಿಗೆ ಕಿಟಕಿ ಸೀಟು ಕೊಟ್ಟೆ, ಬೇಡವೆಂದರು. ಪೆನ್‌ಡ್ರೈವ್ ಇದ್ದದ್ದು ಕಿಟಕಿಯ ಕಡೆಯ ಸೊಂಟದಲ್ಲಿ, ಹೊರಗಿನಿಂದ ಯಾರಾದರೂ ಕೈ ಹಾಕಿದರೆ?

ಅಂಗಡಿಯಲ್ಲಿ ಕಂಪ್ಯೂಟರಿನ ಡಬ್ಬ ಟೇಬಲ್ಲಿನ ಕೆಳಗೆ ನೆಲದ ಮೇಲಿತ್ತು. ಸಾಹೇಬರು ಎದ್ದು ನಿಂತು "ಬರ್ಬೇಕು ಬರ್ಬೇಕು ಜೋಯಿಸರೇ" ಅಂದವರು, ವಿಷಯ ತಿಳಿದ ಮೇಲೆ ಹೊಸ ಚಾಪೆ ತರಿಸಿ ಟೇಬಲ್ಲಿನ ಕೆಳಗೆ ಹಾಸಿದರು. ಜೋಯಿಸರು ಬಗ್ಗಿ ಒಳಗೆ ಹೋಗಿ ಪದ್ಮಾಸನ ಹಾಕಿ ಕೂತರು. ನಾನು ಮೇಲೆ ಕೂತು ಕೆಲಸ ಶುರು ಮಾಡಿದೆ. ಪೆನ್‌ಡ್ರೈವಿನಲ್ಲಿ ಹಿಂದಿನ ವರ್ಷದ ಪಂಚಾಂಗ ಇತ್ತು, ಅದನ್ನು ಪಕ್ಕಕ್ಕಿಟ್ಟು ಪುಟ್ಟ ಸಿಸ್ಟಂ ತುಂಬಿಸುತ್ತಿದ್ದೆ. ಆಗ ಮಾಲೂರಿನ ಕಡೆಯ ಗಿರಾಕಿಯೊಬ್ಬರು ಬಂದವರು ಟೇಬಲ್ಲಿನ ಕೆಳಗೆ ಕಣ್ಣು ಮುಚ್ಚಿ ಜಪ ಮಾಡುತ್ತಿದ್ದ ಬ್ರಾಹ್ಮಣರನ್ನು ನೋಡಿ ದಂಗಾದರು.

"ಏನ್ ಸಾಬ್ ಇದು?"

"ವೈರಸ್ಸಿಗೆ ಶಾಂತಿ ಮಾಡಿಸ್ತಾ ಇದೀವಿ" ಅಂದರು ಸಾಹೇಬರು, ಮುಖದಲ್ಲಿ ಗೆರೆ ಅಲ್ಲಾಡಿಸದೆ.

ಆ ಗಿರಾಕಿ ನಗಲಿಲ್ಲ. ತಮ್ಮ ಕಂಪ್ಯೂಟರಿಗೂ ಒಂದು ದಿನ ನೋಡಿ ಹೇಳಿ ಅಂದು ಹೋದರು. ಮುಂದೆ ಎಷ್ಟೋ ದಿನ ಜನ ಅಂಗಡಿಗೆ ಬಂದು ಶಾಂತಿಗೆ ಏನೇನು ಸಾಮಾನು ತರಬೇಕು ಅಂತ ಕೇಳುತ್ತಿದ್ದರು. ಸಾಹೇಬರು ಒಬ್ಬರಿಗೂ ಇಲ್ಲ ಅನ್ನಲಿಲ್ಲ, ಆಂಟಿವೈರಸ್ ಸಿಡಿ ಕೊಟ್ಟು ಕಳಿಸಿದರು.

ಶನಿವಾರ ಬೆಳಿಗ್ಗೆ ನಾನು ಮತ್ತೆ ಮುಳಬಾಗಿಲಿನಲ್ಲಿದ್ದೆ. ಕರೆಂಟು ಬಂತು, ಅದರ ಜೊತೆಗೇ ರಾಹುಕಾಲವೂ ಬಂತು. ಇದು ತಪ್ಪಿದರೆ ಮುಂದಿನ ಕರೆಂಟಿನಲ್ಲಿ ಕೆಲಸ ಮುಗಿಸಿ ಸಂಜೆಯೊಳಗೆ ಕೋಲಾರ ಸೇರುವ ಹಾಗಿರಲಿಲ್ಲ. ಜೋಯಿಸರು ಲ್ಯಾಪ್‌ಟಾಪಿನ ಬೆನ್ನಿಗೆ ಪೆನ್‌ಡ್ರೈವ್ ಸಿಕ್ಕಿಸಿಕೊಂಡು ಕೂತಿದ್ದರು, ಮುಖ ಬಾಡಿಹೋಗಿತ್ತು. ಸಂಕಟವಾದರೆ ಅವರು ತೆಲುಗಿಗೆ ಇಳಿಯುತ್ತಿದ್ದರು. "ಏಮಿ ಕರ್ಮರಾ ಇದಿ" ಅಂದರು. "ಊರಿಗೆಲ್ಲ ರಾಹುಕಾಲದಲ್ಲಿ ಏನೂ ಶುರು ಮಾಡ್ಬೇಡಿ ಅಂತ ಅಚ್ಚು ಹಾಕಿ ಹಂಚೋನು ನಾನು. ಆ ಪುಸ್ತಕಾನ ರಾಹುಕಾಲದಲ್ಲೇ ಎತ್ತು ಅಂತೀಯಾ?"

ನೋಡುವುದಕ್ಕೆ ದೋಷವಿಲ್ಲವಲ್ಲ ಎಂದು ಆನ್ ಮಾಡಿ ನೀಲಿ ಪರದೆಗೆ ಹೋದೆ. ನಿನ್ನೆ ನಾನು ಮೇಲಕ್ಕೆ ತಂದಿಟ್ಟಿದ್ದ ಹೆಸರು ಮತ್ತೆ ಕೆಳಗೆ ಇಳಿದಿತ್ತು. ಒಳಗೆ ಗುಂಡಿಯಷ್ಟು ದೊಡ್ಡ ಇನ್ನೊಂದು ಬ್ಯಾಟ್ರಿ ಇರುತ್ತದೆ, ಅದೂ ಸತ್ತಿತ್ತು. ಹಾಗಾಗಿ ಕರೆಂಟು ಹೋದಾಗಲೆಲ್ಲ ಯಂತ್ರ ಹೇಳಿಸಿಕೊಂಡದ್ದನ್ನೆಲ್ಲ ಮರೆತು, ಗಡಿಯಾರವನ್ನೂ ಮೊದಲಿಗೆ ತಿರುಗಿಸಿಕೊಳ್ಳುತ್ತಿತ್ತು.

"ಏನು ತೋರಿಸ್ತಾ ಇದೆ?" ಅಂದರು ಆ ಕಡೆಯಿಂದ ಜೋಯಿಸರು.

"ತಾರೀಖು ತಪ್ಪಾಗಿದೆ ಸ್ವಾಮಿ. ಎರಡು ಸಾವಿರನೇ ಇಸವಿ, ಜನವರಿ ಒಂದು."

"ಟೈಮು?"

"ರಾತ್ರಿ ಹನ್ನೆರಡರ ಮೇಲೆ ಎರಡು ನಿಮಿಷ."

ಜೋಯಿಸರ ಬಾಡಿದ ಮುಖ ನೆಟ್ಟಗಾಯಿತು. ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿತು. "ಪ್ರಮಾಥಿ ಸಂವತ್ಸರ, ಮಾರ್ಗಶಿರ ಬಹುಳ. ನೀವು ಇಂಗ್ಲಿಷ್ ಲೆಕ್ಕದಲ್ಲಿ ಶನಿವಾರ ಅಂತೀರಿ, ಸೂರ್ಯ ಹುಟ್ಟಿಲ್ಲ, ಅದರ ಪಾಲಿಗೆ ಇನ್ನೂ ಶುಕ್ರವಾರವೇ. ರಾತ್ರಿ ಹೊತ್ತಲ್ಲಿ ರಾಹುಕಾಲ ಹಿಡಿಯೋ ಪದ್ಧತಿ ನಮ್ಮಲ್ಲಿಲ್ಲ." ಬೆರಳು ಮಡಿಸಿ ಕೇಳಿದರು. "ಈಗ ಏಳೋದು ಯಾರು? ನೀನಾ, ನಾನಾ, ಅದಾ?"

"ಅದೇ ಸ್ವಾಮಿ."

"ಹಾಗಾದ್ರೆ ಅದರ ಕಾಲ ಅದಕ್ಕೆ. ಎಬ್ಬಿಸು."

ಎಬ್ಬಿಸಿದೆ. ಪೆನ್‌ಡ್ರೈವಿನ ಹೆಸರನ್ನು ಮೇಲಕ್ಕೆ ತಂದು, ಸೇವ್ ಮಾಡಿ, ಕಾದೆ. ಪುಟ್ಟ ದೀಪ ಜೋಯಿಸರ ಹೊಟ್ಟೆಯ ಹತ್ತಿರ ಮಿಣಮಿಣ ಅಂದಿತು. ಪರದೆಯ ಮೇಲೆ ಅಕ್ಷರಗಳು ಹರಿದವು, ನಿಂತವು, ಮತ್ತೆ ಹರಿದವು. ಕೊನೆಗೆ ಒಂದು ಸಾದಾ ಪರದೆ ತೆರೆಯಿತು. ಸತ್ತುಹೋಗಿದೆ ಅಂದುಕೊಂಡಿದ್ದ ಡಿಸ್ಕಿನ ಒಳಗೆ ಕೈ ಹಾಕಿದೆ. ಫೈಲುಗಳು ಇದ್ದವು.

"ವಿರೋಧಿ ಯಾವ ಹೆಸರಲ್ಲಿದೆ ಸ್ವಾಮಿ?"

"ಶ್ರೀ ಅಂತ ಇದೆ ನೋಡು."

ಎಲ್ಲವೂ ಶ್ರೀಯೇ. ಏನು ಬರೆದರೂ ಮೇಲೆ ಶ್ರೀ ಬರೆಯದೆ ಅವರು ಶುರು ಮಾಡುವವರಲ್ಲ. ಮೊದಲ ಸಾಲನ್ನೇ ಫೈಲಿನ ಹೆಸರು ಮಾಡಿಕೊಳ್ಳುವ ಬುದ್ಧಿ ಆ ಯಂತ್ರದ್ದು. ಪಂಚಾಂಗ, ಜಾತಕಗಳು, ಸತ್ಯನಾರಾಯಣ ಪೂಜೆಯ ಸಾಮಾನಿನ ಪಟ್ಟಿ, ಎಲ್ಲ ಶ್ರೀ, ಬಾಲದ ಅಂಕೆ ಮಾತ್ರ ಬೇರೆ. ಕನ್ನಡ ಬಾರದ ನನ್ನ ಪುಟ್ಟ ಸಿಸ್ಟಮ್ಮಿಗೆ ಅವು ಒಂದೇ ಥರದ ಹಾಳುಮೂಳು ಅಕ್ಷರಗಳಾಗಿ ಕಂಡವು. ತಾರೀಖು ನೋಡಿ ಆರಿಸೋಣವೆಂದರೆ ಎಲ್ಲವನ್ನೂ ಆ ಯಂತ್ರ ಎರಡು ಸಾವಿರದ ಮೊದಲ ದಿನವೇ ಬರೆದು ಮುಗಿಸಿತ್ತು. ಎಲ್ಲಾ ಶ್ರೀಗಳನ್ನೂ ಬಾಚಿ ಪೆನ್‌ಡ್ರೈವಿಗೆ ಹಾಕತೊಡಗಿದೆ. ಹಳೇ ಲ್ಯಾಪ್‌ಟಾಪು, ಕೆಟ್ಟ ಡಿಸ್ಕು, ತೆವಳಿಕೊಂಡು ಹೋಗುತ್ತಿತ್ತು.

ಅರ್ಧ ದಾಟಿರಬೇಕು. ಪಡಸಾಲೆಯಲ್ಲಿ ಫೋನು ಬಡಿದುಕೊಂಡಿತು. ಪದ್ಮಮ್ಮ ಹಿತ್ತಿಲಲ್ಲಿದ್ದರು.

"ಪ್ರೆಸ್ಸಿನವರು" ಅಂದ ಜೋಯಿಸರು ಎದ್ದೇಬಿಟ್ಟರು.

ಪಟ್ ಅಂದಿತು. ನಾನು ಕಣ್ಣು ಮುಚ್ಚಿದೆ. ಪೆನ್‌ಡ್ರೈವ್ ಕಿತ್ತುಬಂದಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಕಣ್ಣು ಬಿಟ್ಟರೆ ಫೈಲು ಹೋಗುತ್ತಲೇ ಇತ್ತು. ಪೆನ್‌ಡ್ರೈವ್ ಜಾಗದಲ್ಲೇ ಇತ್ತು, ಬೀಗದಕೈಯೂ ಇತ್ತು, ಅವುಗಳ ಜೊತೆ ತುಂಡಾದ ಜನಿವಾರವೂ ಲ್ಯಾಪ್‌ಟಾಪಿನ ಬೆನ್ನಿಗೆ ಜೋತಾಡುತ್ತಿತ್ತು. ಜೋಯಿಸರು ಒಂದು ಕೈ ಎದೆಯ ಮೇಲೆ, ಒಂದು ಕೈ ಬಾಯಿಯ ಮೇಲೆ ಇಟ್ಟುಕೊಂಡು ನಿಂತಿದ್ದರು. ಜನಿವಾರ ಹರಿದರೆ ಹೊಸದು ಹಾಕಿಕೊಳ್ಳುವ ತನಕ ಅವರು ಮಾತಾಡುವ ಹಾಗಿಲ್ಲ. ಫೋನು ಹೊಡೆದುಕೊಳ್ಳುತ್ತಲೇ ಇತ್ತು. ನಾನು ಏಳುವ ಹಾಗಿಲ್ಲ, ಅವರು ಮಾತಾಡುವ ಹಾಗಿಲ್ಲ.

ಪದ್ಮಮ್ಮ ಒದ್ದೆ ಕೈಯಲ್ಲೇ ಓಡಿಬಂದು ಎತ್ತಿಕೊಂಡರು. "ಹೂಂ, ನಾನೇ... ಬರ್ತಾ ಇದೆ, ಮ್ಯಾಟರು ಬರ್ತಾ ಇದೆ... ಅವರು ಮಾತಾಡೋ ಹಾಗಿಲ್ಲ." ಆ ಕಡೆಯವರು ಗಾಬರಿಯಾಗಿರಬೇಕು. "ಅಯ್ಯೋ, ಆಸ್ಪತ್ರೆ ಯಾಕೆ? ಜನಿವಾರ ಹರೀತು, ಅಷ್ಟೇ" ಎಂದು ಫೋನಿಟ್ಟು, ಗಂಡನ ಕಡೆ ತಿರುಗಿದರು. "ನಿನ್ನೆಯಿಂದ ಹೊಟ್ಟೆಗೆ ಕಟ್ಕೊಂಡು ಕೂತಿದ್ರಲ್ಲ, ಈಗ ಬಿಡ್ತು ನೋಡಿ. ಹೋಗಿ ಹೊಸದು ಹಾಕ್ಕೊಳ್ಳಿ."

ಜೋಯಿಸರು ಒಳಗೆ ಹೋದರು. ಆಚಮನ, ಸಂಕಲ್ಪ, ಮಂತ್ರ, ಎಲ್ಲ ಆಗಬೇಕು. ಕೊನೆಯ ಶ್ರೀ ಹೋಗಿ ಮುಗಿದಾಗ ಅವರಿನ್ನೂ ಒಳಗೇ ಇದ್ದರು. ಫೈಲುಗಳನ್ನು ಒಂದೆರಡು ಸಲ ಎಣಿಸಿ ನೋಡಿ, ಲ್ಯಾಪ್‌ಟಾಪನ್ನು ಮರ್ಯಾದೆಯಿಂದ ಆಫ್ ಮಾಡಿ, ಪೆನ್‌ಡ್ರೈವ್ ಎಳೆದುಕೊಂಡೆ. ಅದೇ ಹೊತ್ತಿಗೆ ದೇವರ ಮನೆಯ ಬಲ್ಬು ಆರಿತು.

ಜೋಯಿಸರು ಹೊಸ ಜನಿವಾರದಲ್ಲಿ ಬಂದರು. ಇಷ್ಟು ಹೊತ್ತು ಬಾಯಿ ಕಟ್ಟಿಕೊಂಡಿದ್ದವರು ಮೊದಲ ಮಾತು ಏನು ಆಡುತ್ತಾರೋ ಎಂದು ನಾನೂ ಪದ್ಮಮ್ಮನೂ ನೋಡುತ್ತಿದ್ದೆವು. ಅವರು ಬಲ್ಬಿನ ಕಡೆ ನೋಡಿದರು.

"ಕರೆಂಟು ಹೋಯ್ತಾ?"

"ಹೋಯ್ತು ಸ್ವಾಮಿ. ಆದ್ರೆ ಎಲ್ಲಾ ಬಂದಿದೆ, ಕೆಲಸ ಮುಗೀತು."

"ಹಾಗಾದ್ರೆ ರಾಹುಕಾಲಾನೂ ಮುಗೀತು. ಈಗ ಶುರು ಮಾಡು."

"ಮುಗೀತು ಅಂದ್ನಲ್ಲ ಸ್ವಾಮಿ."

"ಅದು ಪ್ರಮಾಥಿ ಸಂವತ್ಸರದಲ್ಲಿ ಮುಗಿಸ್ತಯ್ಯ. ನಾವಿನ್ನೂ ಶುರುವೇ ಮಾಡಿಲ್ಲ. ಕೂತ್ಕೋ."

ಕೂತೆ. ಕರೆಂಟಿಲ್ಲದ, ಬ್ಯಾಟ್ರಿ ಇಲ್ಲದ ಲ್ಯಾಪ್‌ಟಾಪಿನ ಎದುರು ಚಕ್ಕಳಮಕ್ಕಳ ಹಾಕಿ ಕೂತೆ. ಪದ್ಮಮ್ಮ ದೀಪ ಹಚ್ಚಿದರು. ಜೋಯಿಸರು ಕಣ್ಣು ಮುಚ್ಚಿ ತಾತನ ಹೆಸರು, ತಂದೆಯ ಹೆಸರು ಹೇಳಿ, "ಹೂಂ" ಅಂದರು. ನಾನು ಬಟನ್ ಒತ್ತಿದೆ. ಏನೂ ಆಗಲಿಲ್ಲ. ಏನೂ ಆಗುವುದಿಲ್ಲ ಅನ್ನುವುದು ಮೂವರಿಗೂ ಗೊತ್ತಿತ್ತು. ಆದರೂ ಒತ್ತಿದ ಬೆರಳನ್ನು ತೆಗೆಯಲು ನನಗೆ ಮನಸ್ಸಾಗಲಿಲ್ಲ. ಜೋಯಿಸರು ಕಣ್ಣು ಬಿಟ್ಟಾಗ ಅವು ಒದ್ದೆಯಾಗಿದ್ದವು. "ನಿಲ್ಲಲಿಲ್ಲ ಅಲ್ವೇನಯ್ಯಾ?" ಅಂದರು. "ನಿಲ್ಲಲಿಲ್ಲ ಸ್ವಾಮಿ" ಅಂದೆ.

ಹರಿದ ಜನಿವಾರವನ್ನು ಕತ್ತರಿಸಲು ಈಗ ಅಡ್ಡಿಯಿರಲಿಲ್ಲ, ಪದ್ಮಮ್ಮ ಪೆನ್‌ಡ್ರೈವನ್ನೂ ಬೀಗದಕೈಯನ್ನೂ ಬಿಡಿಸಿದರು. ಹೊರಡುವಾಗ ಜೋಯಿಸರಿಗೆ ಇನ್ನೊಂದು ಚಿಂತೆ ಹತ್ತಿತು. "ಎಲ್ಲಿಟ್ಕೊಂಡು ಹೋಗ್ತೀಯ?"

"ಜೇಬಲ್ಲಿ."

"ಶನಿವಾರದ ಬಸ್ಸು, ಜನ ಜಾಸ್ತಿ. ಜೇಬು ನಂಬಕ್ಕಾಗಲ್ಲ. ಉಡಿದಾರ ಇದೆ ತಾನೇ?"

ಇದೆ ಅಂದೆ. ನಮ್ಮ ಕಡೆ ಗಂಡಸರ ಸೊಂಟದಲ್ಲಿ ಅದಿಲ್ಲದೆ ಇರುವುದಿಲ್ಲ. ಅಂಗಿ ಎತ್ತು ಅಂದರು. ನಾನು ಹಿಂದೆ ಸರಿದೆ. ಅವರು ಮಡಿಯಲ್ಲಿದ್ದರು, ಆಗಷ್ಟೇ ಹೊಸ ಜನಿವಾರ ಹಾಕಿಕೊಂಡಿದ್ದರು. ಅಷ್ಟು ವರ್ಷ ಅವರ ಮನೆಗೆ ಹೋಗಿದ್ದೇನೆ, ಮಡಿಯಲ್ಲಿದ್ದಾಗ ಅವರ ಶಲ್ಯದ ಅಂಚೂ ನನಗೆ ತಾಗಿದ್ದಿಲ್ಲ. ಜೋಯಿಸರು ಬಗ್ಗಿ, ಕಾಣದ ಕಣ್ಣನ್ನು ಹತ್ತಿರ ತಂದು, ನನ್ನ ಸೊಂಟದ ಉಡಿದಾರಕ್ಕೆ ಪೆನ್‌ಡ್ರೈವನ್ನು ತಾವೇ ಕಟ್ಟಿದರು. ಒಂದು ಗಂಟು ಹಾಕಿ, ಎಳೆದು ನೋಡಿ, ಇನ್ನೊಂದು ಹಾಕಿದರು. ಅವರ ಕೈ ಬೆಚ್ಚಗಿತ್ತು. ನಾನು ಎಲ್ಲಿ ನೋಡುವುದೆಂದು ತಿಳಿಯದೆ ದೀಪ ನೋಡುತ್ತಾ ನಿಂತಿದ್ದೆ. ಪದ್ಮಮ್ಮ ಅವರ ಮತ್ತೊಂದು ಸ್ನಾನದ ಬಿಸಿನೀರಿಗೆ ಹಂಡೆ ಒಲೆ ಹಚ್ಚಲು ಹೋದರು.

ಹಳದಿ ರಟ್ಟಿನ ವಿರೋಧಿ ಆ ಯುಗಾದಿಗೆ ಎಲ್ಲರ ಮನೆಗೂ ಬಂತು ಅನ್ನುವುದು ನಮ್ಮ ಕಡೆಯವರಿಗೆ ಗೊತ್ತೇ ಇದೆ. ಅದು ಪ್ರೆಸ್ಸಿಗೆ ಬಂದದ್ದು ಹೇಗೆ ಅನ್ನುವುದು ಪ್ರೆಸ್ಸಿನವರಿಗೂ ನನಗೂ ಮಾತ್ರ ಗೊತ್ತು. ಕೋಲಾರದಲ್ಲಿ ಇಳಿದವನು ನೆಟ್ಟಗೆ ಅಲ್ಲಿಗೆ ಹೋದೆ. ಅವರ ಕಂಪ್ಯೂಟರಿನ ಡಬ್ಬ ಎತ್ತರದ ಟೇಬಲ್ಲಿನ ಮೇಲೆ ಗೋಡೆಯ ಕಡೆಗಿತ್ತು. ಪೆನ್‌ಡ್ರೈವ್ ಕೊಡಿ ಅಂದರು ಪ್ರೆಸ್ಸಿನ ಯಜಮಾನರು. ಅಂಗಿ ಎತ್ತಿ ಗಂಟು ಬಿಚ್ಚಲು ನೋಡಿದೆ. ಜೋಯಿಸರ ಗಂಟು. ಸುಮ್ಮನೆ ಡಬ್ಬದ ಪಕ್ಕಕ್ಕೆ ಹೋಗಿ, ಹೊಟ್ಟೆಯನ್ನು ಅದಕ್ಕೆ ಒತ್ತಿ, ತುದಿಗಾಲಿನಲ್ಲಿ ನಿಂತು ಸಿಕ್ಕಿಸಿದೆ.

"ಇದೇನ್ರೀ ಮುನಿರಾಜು?" ಅಂದರು ಯಜಮಾನರು. "ಕತ್ತರಿ ಕೊಡ್ಲಾ?"

"ಬೇಡಿ. ಜೋಯಿಸರು ಕಟ್ಟಿರೋದು."

ಅವರು ಕುರ್ಚಿ ತಂದರು, ಕೂರುವ ಹಾಗಿರಲಿಲ್ಲ. ಶ್ರೀಗಳು ಒಂದೊಂದಾಗಿ ಇಳಿಯತೊಡಗಿದವು. ನನ್ನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಸಾಹೇಬರೇ ಇರಬೇಕು, ಏನಾಯಿತೆಂದು ಕೇಳಲು. ನಿಂತಿತು, ಮತ್ತೆ ಹೊಡೆದುಕೊಂಡಿತು. ಕೊನೆಯ ಶ್ರೀ ಇಳಿಯುವ ತನಕ ನಾನು ಅಲ್ಲಾಡಲಿಲ್ಲ.